ಮೊದಲ ಆಟದಲ್ಲಿ ಯಾರೂ ಸೋಲಬಾರದು

ಡೊಂಬಿವಲಿ ಪೂರ್ವ
14 ಜೂನ್ 2025

ಪ್ರೀತಿಯ ಮಲ್ಲಿಕಾ,

ವಾಟ್ಸಾಪ್‌ನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯ, ಫೋನ್ ಎತ್ತುವುದಿಲ್ಲ, ಆದರೆ ಇಮೇಲ್ ಬ್ಲಾಕ್ ಮಾಡಲು ಮರೆತಿದ್ದೀಯ. ಹಾಗಾಗಿ ಇದೋ ಪತ್ರ. ಬೇಕೆಂದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನೀನು ಕೆಲಸ ಬಿಡುವ ಮೊದಲು ಆಫೀಸಿನಲ್ಲಿ ಬೇರೆಯವರಿಗೆ ತಿಳಿಯಬಾರದ ಮಾತನ್ನೆಲ್ಲ ನಾವಿಬ್ಬರೂ ಕನ್ನಡದಲ್ಲೇ ಆಡಿಕೊಳ್ಳುತ್ತಿದ್ದೆವಲ್ಲ. ಇಂಗ್ಲಿಷ್ ಮೀಡಿಯಂ ಹುಡುಗಿಯ ಕನ್ನಡ ಎಂದು ನಗು ಬಂದರೆ ನಗು. ನಕ್ಕು ಮುಗಿಸಿ ಉತ್ತರ ಬರೆ.

ಮದುವೆಗೆ ನೀನು ಬರಲಿಲ್ಲ. ಊಟದ ಎರಡನೇ ಪಂಕ್ತಿ ಏಳುವವರೆಗೂ ನಾನು ಬಾಗಿಲು ನೋಡುತ್ತಿದ್ದೆ. ಅದು ಹೋಗಲಿ. ಮದುವೆಯಾಗುವುದು ಇಷ್ಟು ಚೆನ್ನಾಗಿರುತ್ತದೆ ಎಂದು ನನಗೆ ಯಾರೂ ಹೇಳಿಯೇ ಇರಲಿಲ್ಲ ಮಾರಾಯ್ತಿ! ಸಾತ್ವಿಕ ಠಾಣೆಯ ಬ್ಯಾಂಕಿನಿಂದ ಮನೆಗೆ ಬರುವಾಗ ಏನಾದರೊಂದು ತರುತ್ತಾನೆ. ಒಂದು ದಿನ ಮೊಗ್ಗಿನ ಮಾಲೆ, ಒಂದು ದಿನ ಬರೀ ಎರಡು ಪೇರಲೆಹಣ್ಣು. ಪೇರಲೆ ನೋಡಿ ನಾನು ಕುಣಿದದ್ದನ್ನು ಅತ್ತೆ ಅಡುಗೆಮನೆಯಿಂದ ನೋಡಿಬಿಟ್ಟರು. ನಾಚಿಕೆಯಿಂದ ಸತ್ತೇಹೋದೆ. ಅವರು ಮಾತ್ರ ಏನೂ ಹೇಳದೆ ಆ ಪೇರಲೆಗೆ ಉಪ್ಪುಖಾರ ಹಚ್ಚಿ ತಟ್ಟೆಯಲ್ಲಿಟ್ಟು ಕೊಟ್ಟರು. ರಮಾಮಣಿ ಅಂತ ಅವರ ಹೆಸರು. ಹೆಸರೇ ಎಷ್ಟು ಮುದ್ದಾಗಿದೆ ನೋಡು.

ಈ ಮನೆಯಲ್ಲಿ ಒಂದೇ ಒಂದು ದುಃಖವಿದೆ, ಅದು ಮಾವನ ಬಲಗೈ. ಪುಂಡರೀಕಾಕ್ಷ ರಾಯರು ಹುಡುಗನಾಗಿದ್ದಾಗ ಉಡುಪಿಯಿಂದ ಬಂದು, ಯಾರದೋ ಹೋಟೆಲಿನಲ್ಲಿ ಲೋಟ ತೊಳೆದು, ಕೊನೆಗೆ ಸ್ಟೇಷನ್ ಪಕ್ಕದಲ್ಲಿ ಸ್ವಂತ ಹೋಟೆಲ್ ಮಾಡಿದವರು. ಮಾಲೀಕರಾದ ಮೇಲೂ ದಿನದ ಮೊದಲ ದೋಸೆಯನ್ನು ಕಾವಲಿಗೆ ಹುಯ್ಯುವವರು ಅವರೇ. ಅದಾದ ಮೇಲೆಯೇ ಭಟ್ಟರು ಸೌಟು ಮುಟ್ಟುವುದು. ಫೆಬ್ರವರಿಯಲ್ಲಿ ಅವರಿಗೆ ಸ್ಟ್ರೋಕ್ ಆಯಿತು. ಕಾಲು ಸರಿಹೋಯಿತು, ಮಾತು ಸರಿಹೋಯಿತು, ಬಲಗೈ ಮಾತ್ರ ಸುಮ್ಮನಾಗಿದೆ. ಅಂದಿನಿಂದ ಹೋಟೆಲಿನ ಕಡೆ ಅವರು ಹೋಗಿಲ್ಲ. ನಮ್ಮ ಮದುವೆಯ ಫೋಟೋಗಳಲ್ಲಿ ಅವರ ಶಾಲು ಯಾವಾಗಲೂ ಬಲಭುಜದಿಂದ ಜಾರಿರುತ್ತದೆ. ಜಾರಿದ್ದಲ್ಲ ಅದು, ಕೈ ಮುಚ್ಚುವಂತೆ ಹೊದ್ದುಕೊಂಡದ್ದು.

ದಿನ ಬಿಟ್ಟು ದಿನ ವಿಕಾಸ್ ಎಂಬ ಫಿಸಿಯೋಥೆರಪಿಸ್ಟ್ ಬಂದು ಅವರಿಂದ ಹಿಟ್ಟು ಹಿಚುಕಿಸುತ್ತಾನೆ. ಅವನು ಬೆಲ್ ಒತ್ತಿದ ಕೂಡಲೇ ಮಾವನ ಮುಖ ಕಪ್ಪಾಗುತ್ತದೆ. ಅದನ್ನು ನೋಡಿಯೇ ನನಗೆ ಐಡಿಯಾ ಬಂದದ್ದು. ಜಗತ್ತಿನಲ್ಲಿ ರಿಮೋಟಿನ ಗುಂಡಿಗಳಿಗೆ ಹೆದರುವವರಿಗೆಲ್ಲ ನಾವು ಝೋಕಾ ಆಟದ ಸೆಟ್ ಮಾರುತ್ತಿದ್ದೇವೆ, ಟಿ.ವಿ. ಮುಂದೆ ಕೋಲು ಬೀಸಿದರೆ ಸಾಕು, ಪರದೆಯಲ್ಲಿರುವ ಹುಡುಗ ಬ್ಯಾಟು ಬೀಸುತ್ತಾನೆ ಎಂದು ಊರೆಲ್ಲ ಸಾರುತ್ತಿದ್ದೇವೆ. ನನ್ನ ಮನೆಯಲ್ಲೇ ಒಂದಿಲ್ಲ! ವಾಶಿಯ ಮಾಲಿನಿಂದ ವಾಪಸ್ ಬಂದ ಒಂದು ಸೆಟ್ ಮಹಾಪೆಯ ಗೋದಾಮಿನಲ್ಲಿ ಬಿದ್ದಿತ್ತು. ನಮ್ಮ ಬಾಸ್ ರಂಜನ್ ಸರ್ ತಕ್ಷಣ ಒಪ್ಪಿದರು. ಶಿಳ್ ಫಾಟಾದ ಟ್ರಾಫಿಕ್ಕಿನಲ್ಲಿ ಬಸ್ಸಿನ ಕಿಟಕಿಯ ಪಕ್ಕ ಅದನ್ನು ಮಡಿಲಲ್ಲಿ ಇಟ್ಟುಕೊಂಡು ತಂದಿದ್ದೇನೆ. ಮೆನುವಿನಲ್ಲಿ ‘ಅಂಗಡಿ’ ತೆಗೆದು ‘ಮನೆ’ ಎಂದು ಹಾಕಿದೆ. ನಾಳೆ ಭಾನುವಾರ, ಉದ್ಘಾಟನೆ.

ಮಾರ್ಚಿನ ಆ ಮೀಟಿಂಗಿನ ಬಗ್ಗೆ ಈಗ ಏನೂ ಬರೆಯುವುದಿಲ್ಲ. ಬರೆದರೆ ನೀನು ಮುಂದೆ ಓದುವುದಿಲ್ಲ.

ನಿನ್ನನ್ನು ಮರೆಯದ,
ಶ್ರೀಪ್ರಿಯಾ


ಡೊಂಬಿವಲಿ ಪೂರ್ವ
6 ಜುಲೈ 2025

ಮಲ್ಲಿಕಾ, ಮಲ್ಲಿಕಾ,

ಉತ್ತರ ಬಾರದಿದ್ದರೂ ಬರೆಯುತ್ತೇನೆ. ಇದನ್ನು ಇನ್ನಾರಿಗೆ ಹೇಳಿದರೂ ಅರ್ಥವಾಗುವುದಿಲ್ಲ. ಮಾವ ಸಿಕ್ಸರ್ ಹೊಡೆದರು!

ಮೊದಲ ದಿನ ಅವರು ಕೋಲನ್ನು ಎಡಗೈಯಲ್ಲಿ ಹಿಡಿದಿದ್ದರು. ಬಲಗೈಗೆ ಕಟ್ಟಿಕೊಳ್ಳಿ ಮಾವ, ಪಟ್ಟಿ ಇದೆ ಎಂದೆ. ಅತ್ತೆ ಪಟ್ಟಿ ಬಿಗಿದರು. ಚೆಂಡು ಬಂತು, ಅವರ ಮಣಿಕಟ್ಟು ಒಂಚೂರು ನಡುಗಿತು, ಪರದೆಯ ಮೇಲಿನ ಹುಡುಗ ಬ್ಯಾಟನ್ನು ಸುಂಟರಗಾಳಿಯ ಹಾಗೆ ತಿರುಗಿಸಿದ, ಚೆಂಡು ಸ್ಟೇಡಿಯಮ್ಮಿನ ಆಚೆ. ಮಾವ ತಮ್ಮ ಕೈಯನ್ನೇ ನೋಡಿದರು. ಆಮೇಲೆ ಟಿ.ವಿ. ನೋಡಿದರು. ಆಮೇಲೆ ಮತ್ತೊಮ್ಮೆ ಆಡಿಸು ಎಂದರು.

ಈಗ ಸಂಜೆಯಾದರೆ ಅದೇ ಕೆಲಸ. ಪಕ್ಕದ ಮನೆಯ ಮರಾಠಿ ಕುಟುಂಬ ಕುರ್ಚಿ ಹಿಡಿದುಕೊಂಡೇ ಬರುತ್ತದೆ. ‘ಕಾಕಾ, ಆಜ್ ಕಿತಿ?’, ಇವತ್ತು ಎಷ್ಟು ಎಂದು ಮೆಟ್ಟಿಲಲ್ಲಿ ಕೇಳಿದರೆ ಮಾವ ಗಂಭೀರವಾಗಿ ರನ್ ಹೇಳುತ್ತಾರೆ. ಫೆಬ್ರವರಿಯಿಂದ ಅತ್ತೆಗೆ ನಿದ್ದೆಯೇ ಇರಲಿಲ್ಲವಂತೆ, ಮಾವನ ಉಸಿರು ಕೇಳುತ್ತಾ ಕೂತಿರುತ್ತಿದ್ದರಂತೆ. ಈಗ ಗೊರಕೆ ಹೊಡೆಯುತ್ತಾರೆ. ಸಾತ್ವಿಕ ನನ್ನ ಕೈ ಹಿಡಿದು, ನೀನು ಬಂದ ಮೇಲೆ ಅಪ್ಪ ವಾಪಸ್ ಬಂದರು ಎಂದ. ಅವನ ಕಣ್ಣು ಒದ್ದೆಯಾಗಿತ್ತು. ಇದಕ್ಕಿಂತ ದೊಡ್ಡ ಮಾತು ಹೊಸ ಸೊಸೆಗೆ ಯಾರು ಹೇಳುತ್ತಾರೆ?

ವಿಕಾಸನಿಗೆ ಇನ್ನು ಬರುವುದು ಬೇಡ ಎಂದು ಮಾವನೇ ಹೇಳಿಬಿಟ್ಟರು. ಹಿಟ್ಟು ಹಿಚುಕುವ ಕೆಲಸ ಭಟ್ಟರದು, ನನ್ನದಲ್ಲ ಎಂದು ನಕ್ಕರು. ಅವನು ಬಾಗಿಲಲ್ಲಿ ನಿಂತು ಏನೋ ಹೇಳಲು ನೋಡಿದ, ಅತ್ತೆ ಅವನ ಕೈಗೆ ಚಕ್ಕುಲಿ ಪೊಟ್ಟಣ ಕೊಟ್ಟು ಕಳಿಸಿದರು.

ನಾನು ವಿಡಿಯೋ ಮಾಡಿ ರಂಜನ್ ಸರ್‌ಗೆ ತೋರಿಸಿದೆ. ಅವರು ಕುರ್ಚಿಯಿಂದ ಎದ್ದೇ ನಿಂತರು. ಇಷ್ಟು ದಿನ ನಾವು ಮಕ್ಕಳಿರುವ ಮನೆಗೆ ಮಾರುತ್ತಿದ್ದೆವು. ಮಕ್ಕಳು ಒಂದು ವಾರ ಆಡಿ ಮತ್ತೆ ಮೊಬೈಲಿಗೆ ಹೋಗುತ್ತಾರೆ. ಆದರೆ ಹಿರಿಯರಿರುವ ಮನೆ? ಠಾಣೆಯ ಒಂದೊಂದು ಸೊಸೈಟಿಯಲ್ಲಿ ಎಷ್ಟು ಅಜ್ಜಂದಿರು ಸೋಫಾದಲ್ಲಿ ಕೂತಿದ್ದಾರೆ! ಆಡುವವರಿಗಲ್ಲ, ಅವರನ್ನು ನೋಡುತ್ತಾ ಕೂತಿರುವ ಮನೆಯವರಿಗೆ ಮಾರಬೇಕು ಎಂದು ನಾನು ಹೇಳಿದೆ. ದೀಪಾವಳಿಯ ಪ್ರಚಾರ ಪೂರ್ತಿ ನನ್ನ ಕೈಗೆ ಬಂತು. ಮಾವನ ವಿಡಿಯೋವೇ ಜಾಹೀರಾತು, ಘೋಷವಾಕ್ಯವೂ ನನ್ನದೇ: ‘ಆಡಿ, ಕೈ ಮರಳಿ ಪಡೆಯಿರಿ.’ ಹೇಗಿದೆ? ಹೇಳೇ.

ಖುಷಿಯಲ್ಲಿ ತೇಲುತ್ತಿರುವ,
ಶ್ರೀಪ್ರಿಯಾ


ಠಾಣೆ
9 ಜುಲೈ 2025

ಶ್ರೀಪ್ರಿಯಾ,

ಕೋಲಿನ ಹಿಡಿಯ ಕೆಳಗೆ ಕಿತ್ತಳೆ ಬಣ್ಣದ ಚುಕ್ಕೆ ಇದೆಯೇ ನೋಡು. ಇದ್ದರೆ ಅದು ಮಾಲಿಗೆಂದು ಮಾಡಿದ ಸೆಟ್. ಮೆನುವಿನಲ್ಲಿ ಏನು ಆರಿಸಿದರೂ ಅದು ಮನೆಯ ಸೆಟ್ ಆಗುವುದಿಲ್ಲ. ಆಡುವವರ ಬದಲು ಮಿಷನ್ನೇ ಹೊಡೆಯುವ ಆಸರೆ ಒಳಗೇ ಪೂರ್ತಿಗೆ ಬಿಗಿದಿದೆ. ಕೋಲು ಅಲುಗಿದರೆ ಸಾಕು, ಚೆಂಡು ಹೋಗುತ್ತದೆ.

ಬೇರೆ ಮಾತು ಆಮೇಲೆ. ಮೊದಲು ಇದನ್ನು ನೋಡು.

ಮಲ್ಲಿಕಾ


ಡೊಂಬಿವಲಿ ಪೂರ್ವ
12 ಜುಲೈ 2025

ಮಲ್ಲಿಕಾ,

ಚುಕ್ಕೆ ಇದೆ.

ಇವತ್ತು ಮಧ್ಯಾಹ್ನ ಎಲ್ಲರೂ ನೆಂಟರ ಮನೆಗೆಂದು ಕಲ್ಯಾಣಕ್ಕೆ ಹೋಗಿದ್ದರು. ನಾನು ತಲೆನೋವೆಂದು ಮನೆಯಲ್ಲೇ ಉಳಿದೆ. ಕೋಲನ್ನು ಬಾಲ್ಕನಿಯ ಬಟ್ಟೆ ಒಣಗಿಸುವ ಹಗ್ಗಕ್ಕೆ, ಸಾತ್ವಿಕನ ಒದ್ದೆ ಅಂಗಿಯ ಪಕ್ಕ ಕಟ್ಟಿದೆ. ಒಳಗೆ ಬಂದು ಆಟ ಶುರು ಮಾಡಿದೆ. ಮಳೆಗಾಳಿ ಬೀಸಿತು. ಅಂಗಿ ಹಾರಿತು, ಕೋಲು ತೂಗಿತು, ಪರದೆಯ ಹುಡುಗ ಸಿಕ್ಸರ್ ಹೊಡೆದ. ಮತ್ತೊಂದು. ಮತ್ತೊಂದು ಬೌಂಡರಿ. ಗಾಳಿ ಅರ್ಧಶತಕ ಬಾರಿಸಿತು, ಜನ ಎದ್ದು ಕೂಗಿದರು. ನನಗೆ ಮೊದಲು ನಗು ಬಂತು. ಜೋರಾಗಿಯೇ ನಕ್ಕೆ. ಆಮೇಲೆ ನೆಲದ ಮೇಲೆ ಕೂತುಬಿಟ್ಟೆ.

ನನಗೆ ಗೊತ್ತಿರಬೇಕಿತ್ತು. ಮೊದಲ ಆಟದಲ್ಲಿ ಯಾರೂ ಸೋಲಬಾರದು ಎಂದು ಪ್ರತಿಯೊಬ್ಬ ಸೇಲ್ಸ್ ಹುಡುಗನಿಗೂ ಕಲಿಸುವವಳು ನಾನೇ. ಮಾಲಿನಲ್ಲಿ ಸೋತವನು ಕೋಲು ಕೆಳಗಿಟ್ಟು ಹೋಗುತ್ತಾನೆ, ಗೆದ್ದವನು ಹೆಂಡತಿಯ ಮುಖ ನೋಡುತ್ತಾನೆ, ಹೆಂಡತಿ ಬೆಲೆ ಕೇಳುತ್ತಾಳೆ. ಆದರೆ ಮೆನು ಬದಲಾಯಿಸಿದೆನಲ್ಲ, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಅವರು ಮನೆಗೆ ಬಂದಾಗ ಮಾವ ಮೊದಲು ಕೇಳಿದ್ದು, ಕೋಲೆಲ್ಲಿ ಎಂದು. ತೆಗೆದುಕೊಟ್ಟೆ.

ನಾನೇನು ಮಾಡಲಿ?

ಶ್ರೀಪ್ರಿಯಾ


ಠಾಣೆ
20 ಜುಲೈ 2025

ಶ್ರೀಪ್ರಿಯಾ,

ಏನು ಮಾಡಲಿ ಎಂದು ಕೇಳಿದ್ದೀಯ. ಹೇಳಿಬಿಡು. ಇವತ್ತೇ.

ಆ ಆಸರೆಯ ಪ್ರೋಗ್ರಾಮ್ ಬರೆದವಳು ನಾನು ಎನ್ನುವುದು ನಿನಗೆ ನೆನಪಿದೆ. ಯಾಕೆ ಬರೆದೆ ಎಂದು ನೀನು ಕೇಳಿರಲಿಲ್ಲ. ನನ್ನ ಅಪ್ಪ ಮಾಪಣ್ಣ ಕಲಬುರಗಿಯಿಂದ ಬಂದು ಶಹಾಡಿನ ಕಾರ್ಖಾನೆಯಲ್ಲಿ ಲೋಡಿಂಗ್ ಮಾಡಿದವನು. ಟೆಸ್ಟಿಂಗಿಗೆಂದು ಒಂದು ಕೋಲು ಮನೆಗೆ ತಂದಿದ್ದೆ. ಅಪ್ಪ ಮುಟ್ಟಲು ಒಪ್ಪಲಿಲ್ಲ. ‘ಮುರದ್ರ ನಿನ್ ಪಗಾರದಾಗ ಹಿಡಿತಾರವ್ವ’ ಎಂದ. ಬಲವಂತ ಮಾಡಿ ಕೈಗೆ ಕೊಟ್ಟರೆ ಬೀಸುವ ಮೊದಲೇ ಔಟಾಗುತ್ತಿದ್ದ. ಆಮೇಲಿನ ವಾರ ನಾನು ಆಸರೆ ಬರೆದೆ. ಅಪ್ಪ ಗೆದ್ದ. ನನ್ನ ಅವ್ವ ಚಂದ್ರಬಾಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅಪ್ಪ ಅಷ್ಟು ನಕ್ಕಿದ್ದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ.

ಆದರೆ ಅದೇ ಸಂಜೆ ಅಪ್ಪನಿಗೆ ಹೇಳಿದೆ, ಇದರಲ್ಲಿ ಅರ್ಧ ನಿನ್ನದು, ಅರ್ಧ ಮಿಷನ್ನಿನದು ಎಂದು. ‘ಇರ್ಲಿ ಬಿಡವ್ವ, ಅರ್ಧರ ನಂದ್ ಅದ’ ಎಂದ. ಮಾರ್ಚಿನಲ್ಲಿ ನಾನು ಕೇಳಿದ್ದೂ ಅಷ್ಟೇ. ಆಸರೆ ಎಷ್ಟಿದೆ ಎಂದು ಪರದೆಯ ಮೂಲೆಯಲ್ಲಿ ತೋರಿಸೋಣ ಎಂದೆ. ಮಾಲಿಗೆ ಬಂದವರಿಗೆ ಲೆಕ್ಕ ಬೇಕಿಲ್ಲ, ಗೆಲುವು ಬೇಕು ಎಂದು ನೀನು ಎಲ್ಲರೆದುರು ಹೇಳಿದೆ. ಎಲ್ಲರೂ ನಕ್ಕರು. ನೀನೂ ನಕ್ಕೆ.

ನಿನ್ನ ಮಾವನ ಕೈಗೆ ಸ್ಟ್ರೋಕ್ ಆದ ಮೇಲಿನ ಈ ಮೊದಲ ತಿಂಗಳುಗಳೇ ಮುಖ್ಯ. ವಿಕಾಸನನ್ನು ವಾಪಸ್ ಕರೆಸು.

ಮಲ್ಲಿಕಾ


ಡೊಂಬಿವಲಿ ಪೂರ್ವ
10 ಆಗಸ್ಟ್ 2025

ಮಲ್ಲಿಕಾ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ನನ್ನ ಬಳಿ ಇದ್ದದ್ದು ಒಂದೇ ವಾಕ್ಯ, ಇನ್ನೂ ಹೇಳಿಲ್ಲ ಎನ್ನುವುದು.

ಹೇಳಬೇಕೆಂದು ಹೋಗುತ್ತೇನೆ. ಮಾವ ಪೇಪರು ಮಡಚಿಟ್ಟು, ‘ಬಾ ಮಗಾ, ಕೂತ್ಕೋ’ ಎನ್ನುತ್ತಾರೆ. ಅತ್ತೆ ಪಾಯಸ ಮಾಡಿದರೆ ಗೋಡಂಬಿಯೆಲ್ಲ ನನ್ನ ಬಟ್ಟಲಿಗೇ ಬೀಳುತ್ತದೆ. ಸಾತ್ವಿಕ ಬ್ಯಾಂಕಿನವರಿಗೆಲ್ಲ ನನ್ನ ಕಥೆ ಹೇಳಿದ್ದಾನೆ. ಮಲ್ಲಿಕಾ, ನಾನು ಈ ಮನೆಗೆ ಬಂದು ಇನ್ನೂ ಕುಕ್ಕರಿನ ಸೀಟಿ ಎಷ್ಟು ಎಂದು ಕೇಳಿ ಕೇಳಿ ಅಡುಗೆ ಮಾಡುವವಳು. ನನ್ನ ಹೆಸರಿನಲ್ಲಿ ಇಲ್ಲಿ ಇರುವುದು ಆ ಒಂದು ಕೋಲು ಮಾತ್ರ.

ಮೊನ್ನೆ ಇನ್ನೊಂದಾಯಿತು. ಹೋಟೆಲಿನ ಮ್ಯಾನೇಜರ್ ಕಮಲಾಕ್ಷಣ್ಣ ಮನೆಗೆ ಬಂದಿದ್ದರು. ದಸರಾಕ್ಕೆ ಮೊದಲ ದೋಸೆ ನಾನೇ ಹುಯ್ಯುತ್ತೇನೆ ಎಂದು ಮಾವ ಅವರಿಗೆ ಹೇಳಿದರು. ಕಮಲಾಕ್ಷಣ್ಣ ಅಲ್ಲೇ ಅತ್ತುಬಿಟ್ಟರು. ಹಳೆಯ ಗಿರಾಕಿಗಳನ್ನೆಲ್ಲ ಕರೆಯುತ್ತಾರಂತೆ. ಆ ಕಾವಲಿ ನೀನು ನೋಡಿಲ್ಲ. ನಮ್ಮ ಮನೆಯ ಬಾಗಿಲಿನಷ್ಟು ಅಗಲ, ಅದರ ಹತ್ತಿರ ನಿಂತರೆ ರೆಪ್ಪೆ ಬಿಸಿಯಾಗುತ್ತದೆ. ಹಿಟ್ಟಿನ ಸೌಟು ಹಿಡಿದು ಅದರ ಮೇಲೆ ಬಗ್ಗಬೇಕು. ಲೋಟ ಹಿಡಿಯಲಾರದ ಕೈ ಅದು. ಬೆಳಿಗ್ಗೆ ನೀರಿನ ಲೋಟ ಜಾರಿದಾಗ ಮಾವ, ಗ್ಲಾಸು ಒದ್ದೆಯಿತ್ತು ಎಂದರು. ಅವರಿಗೆ ನಿಜವಾಗಿ ಹಾಗೇ ಅನಿಸಿದೆ. ಟಿ.ವಿ.ಯಲ್ಲಿ ದಿನಾ ಸಿಕ್ಸರ್ ಹೊಡೆಯುವ ಕೈ ಲೋಟ ಬೀಳಿಸುತ್ತದೆಯೇ?

ನಾನೊಂದು ಉಪಾಯ ಯೋಚಿಸಿದ್ದೇನೆ. ಲ್ಯಾಪ್‌ಟಾಪ್ ಜೋಡಿಸಿದರೆ ಆಸರೆಯನ್ನು ಕಡಿಮೆ ಮಾಡಬಹುದಲ್ಲವೇ? ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬರುತ್ತೇನೆ. ಅವರು ಇನ್ನಷ್ಟು ಬಲ ಹಾಕುತ್ತಾರೆ, ಕೈಗೂ ವ್ಯಾಯಾಮ. ದಸರಾಕ್ಕೆ ಮೊದಲು ಅವರಿಗೇ ತಿಳಿಯುತ್ತದೆ, ಇನ್ನೂ ಆಗುವುದಿಲ್ಲ ಎಂದು. ಯಾರೂ ಯಾರಿಗೂ ಏನೂ ಹೇಳಬೇಕಿಲ್ಲ. ಹೇಗೆ ಇಳಿಸುವುದು ಎಂದು ಬರೆ. ದಮ್ಮಯ್ಯ.

ಶ್ರೀಪ್ರಿಯಾ


ಠಾಣೆ
13 ಆಗಸ್ಟ್ 2025

ಶ್ರೀಪ್ರಿಯಾ,

ಇಳಿಸುವ ವಿಧಾನ ಕೆಳಗೆ ಬರೆದಿದ್ದೇನೆ. ಬರೆಯಬಾರದಿತ್ತು. ಆದರೆ ನಾನು ಕೊಡದಿದ್ದರೆ ನೀನು ಬೇರೆ ಯಾರನ್ನಾದರೂ ಕೇಳಿ ಸೆಟ್ಟನ್ನೇ ಕೆಡಿಸುತ್ತೀಯ.

ಒಂದು ಮಾತು. ಅವರಿಗೆ ಹೇಳದೆ ಇಳಿಸಬೇಡ. ಆಟ ಕಷ್ಟವಾಯಿತು ಎಂದು ಅವರು ತಿಳಿಯುವುದಿಲ್ಲ. ಬೇರೇನೋ ತಿಳಿಯುತ್ತಾರೆ.

ಮಲ್ಲಿಕಾ


ಡೊಂಬಿವಲಿ ಪೂರ್ವ
4 ಸೆಪ್ಟೆಂಬರ್ 2025

ಮಲ್ಲಿಕಾ,

ನೀನು ಹೇಳಿದಂತೆಯೇ ಆಯಿತು.

ಚೌತಿಗೆ ಮೊದಲು ಎರಡು ಸಲ ಇಳಿಸಿದೆ. ರನ್ ಕಡಿಮೆಯಾಯಿತು. ಮಾವನ ಊಟವೂ ಕಡಿಮೆಯಾಯಿತು, ಅತ್ತೆ ಹೊಟ್ಟೆ ಸರಿಯಿಲ್ಲವೇ ಎಂದು ಜೀರಿಗೆ ಕಷಾಯ ಮಾಡಿಕೊಟ್ಟರು. ನಾನು, ಇದು ಕೆಲಸ ಮಾಡುತ್ತಿದೆ ಎಂದುಕೊಂಡೆ. ಹಬ್ಬದ ಹಿಂದಿನ ದಿನ ಅರ್ಧಕ್ಕೆ ತಂದೆ.

ಸೊಸೈಟಿಯ ಗಣಪತಿಯ ಆರತಿ ಮುಗಿದ ಮೇಲೆ ಕೆಳಗಿನವರೆಲ್ಲ ಕಾಕಾನ ಬ್ಯಾಟಿಂಗ್ ನೋಡಲು ಮೇಲೆ ಬಂದರು. ಹಾಲ್ ತುಂಬಿತ್ತು. ಮಾವ ಹೊಸ ಜುಬ್ಬಾ ಹಾಕಿದ್ದರು. ಮೊದಲ ಚೆಂಡಿಗೆ ಹುಡುಗ ಬ್ಯಾಟನ್ನು ಸ್ವಲ್ಪ ಎತ್ತಿದ, ಔಟ್. ಎರಡನೆಯದಕ್ಕೂ ಔಟ್. ಯಾರೋ, ವಾರ್ಮ್ ಅಪ್ ಬೇಕು ಎಂದರು. ಮಾವ ತುಟಿ ಕಚ್ಚಿಕೊಂಡು ಬೀಸಿದರು, ಬೀಸಿದೆ ಎಂದುಕೊಂಡರು. ಕೈ ಮಡಿಲಿನಿಂದ ಮೇಲೇಳಲೇ ಇಲ್ಲ. ಪಟ್ಟಿ ಬಿಚ್ಚಿ ಕೋಲನ್ನು ಟೀಪಾಯಿಯ ಮೇಲಿಟ್ಟು, ಎಡಗೈಯಿಂದ ಬಲಗೈಯನ್ನು ಎತ್ತಿ ನೋಡಿದರು. ಬಹಳ ಮೆಲ್ಲಗೆ ಹೇಳಿದರು:

‘ರಮಾ, ನಂಗೆ ಪುನಃ ಆಯ್ತು ಅಂತ ಕಾಣ್ತದೆ.’

ಮತ್ತೊಂದು ಸ್ಟ್ರೋಕ್ ಎಂದು ಅವರು ತಿಳಿದರು, ಮಲ್ಲಿಕಾ. ಎಲ್ಲರೂ ಹಾಗೇ ತಿಳಿದರು. ಸಾತ್ವಿಕ ಅವರನ್ನು ಎತ್ತಿಕೊಂಡೇ ಇಳಿದ. ಪೆಂಡಾಲುಗಳ ಡೋಲಿನ ನಡುವೆ ರಿಕ್ಷಾ ಮುಂದೆ ಹೋಗುತ್ತಿರಲಿಲ್ಲ, ಅತ್ತೆ ಇಳಿದು ಜನರನ್ನು ಸರಿಸುತ್ತಾ ಚಪ್ಪಲಿಯಿಲ್ಲದೆ ಮುಂದೆ ಓಡುತ್ತಿದ್ದರು. ಆ ಬೆನ್ನು ನನಗೆ ಈಗಲೂ ಕಾಣುತ್ತದೆ.

ಸ್ಕ್ಯಾನಿನಲ್ಲಿ ಹೊಸದೇನೂ ಇರಲಿಲ್ಲ. ಡಾಕ್ಟರು ಕೈ ಬಗ್ಗಿಸಿ, ತಿರುಗಿಸಿ ನೋಡಿ, ಹಳೆಯ ರಿಪೋರ್ಟಿನಂತೆಯೇ ಇದೆ, ಬೆರಳು ಮಾತ್ರ ಇನ್ನಷ್ಟು ಬಿಗಿದಿದೆ, ಫಿಸಿಯೋ ನಿಲ್ಲಿಸಿದ್ದು ಯಾರು ಎಂದು ಕೇಳಿದರು.

ಮರುದಿನ ಮಧ್ಯಾಹ್ನ ಅತ್ತೆ ಕೆಳಗೆ ಚಹಾ ಕುಡಿಯಲು ಹೋದಾಗ ಹೇಳಿದೆ. ಮಾವ, ಅದು ನಿಮ್ಮ ಕೈ ಆಗಿರಲಿಲ್ಲ, ಮೊದಲ ದಿನದಿಂದಲೂ ಆಗಿರಲಿಲ್ಲ ಎಂದೆ. ಕಿತ್ತಳೆ ಚುಕ್ಕೆ, ಮಾಲು, ಬಟ್ಟೆಯ ಹಗ್ಗ, ನಾನು ಇಳಿಸಿದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

‘ಗಾಳಿಗೂ ಹೊಡೀತಾ ಅದು?’

ಹೌದು ಎಂದೆ.

‘ನಿಂಗೆ ಯಾವಾಗಿಂದ ಗೊತ್ತುಂಟು?’

ಜುಲೈಯಿಂದ ಎಂದೆ.

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ‘ಹಾಗಾದ್ರೆ ನಾನು ಕಮಲಾಕ್ಷನ ಹತ್ರ ಕಾವಲಿ ಎದ್ರು ನಿಲ್ತೇನೆ ಹೇಳುವಾಗ ನಿಂಗೆ ಗೊತ್ತಿತ್ತು.’

ಅದು ಪ್ರಶ್ನೆಯಾಗಿರಲಿಲ್ಲ. ಅತ್ತೆ ಚಹಾ ಕುಡಿದು ಬಂದರು, ನನಗೂ ಒಂದು ತಂದಿದ್ದರು.

ಮನೆಗೆ ಬಂದಿದ್ದೇವೆ. ಬಂದು ಕೇಳಿದವರಿಗೆಲ್ಲ ಮಾವ ಒಂದೇ ಮಾತು ಹೇಳುತ್ತಾರೆ, ಕೈಗೇನೂ ಆಗಿಲ್ಲ, ಕೋಲು ಕೆಟ್ಟಿತ್ತು, ಶ್ರೀಪ್ರಿಯಾ ರಿಪೇರಿಗೆ ಕೊಡ್ತಾಳೆ ಎಂದು. ನನ್ನ ಜೊತೆ ಮಾತ್ರ ಮಾತಾಡುವುದಿಲ್ಲ. ನನ್ನನ್ನು ಕಾಪಾಡುತ್ತಿದ್ದಾರೋ, ತಮ್ಮನ್ನು ಕಾಪಾಡಿಕೊಳ್ಳುತ್ತಿದ್ದಾರೋ ತಿಳಿಯುತ್ತಿಲ್ಲ.

ಶ್ರೀಪ್ರಿಯಾ


ಶಹಾಡ್
5 ಸೆಪ್ಟೆಂಬರ್ 2025

ಶ್ರೀಪ್ರಿಯಾ,

ಹಬ್ಬಕ್ಕೆ ಅಪ್ಪ ಅವ್ವನ ಮನೆಗೆ ಬಂದಿದ್ದೇನೆ. ಇಲ್ಲಿಂದಲೇ ಬರೆಯುತ್ತಿದ್ದೇನೆ.

ನಿನ್ನನ್ನು ಅನ್‌ಬ್ಲಾಕ್ ಮಾಡಿದ್ದೇನೆ. ಆದರೆ ಇದನ್ನು ಪತ್ರದಲ್ಲೇ ಬರೆ. ಫೋನಿನಲ್ಲಿ ನೀನು ಅಳುತ್ತೀಯ, ನಾನು ಸಮಾಧಾನ ಮಾಡುತ್ತೇನೆ, ಅಲ್ಲಿಗೆ ಮುಗಿಯುತ್ತದೆ. ಅದು ಅಷ್ಟರಲ್ಲಿ ಮುಗಿಯಬಾರದು.

ಆ ವಿಧಾನ ಬರೆದು ಕಳಿಸಿದ್ದು ನಾನು. ಅದನ್ನು ನಾನೂ ಹೊತ್ತುಕೊಂಡಿದ್ದೇನೆ. ಜಾಹೀರಾತಿಗೆಂದು ಮಾಡಿದ ಮಾವನ ಆ ವಿಡಿಯೋ ಎಲ್ಲಿದೆ?

ಮಲ್ಲಿಕಾ


ಡೊಂಬಿವಲಿ ಪೂರ್ವ
5 ಅಕ್ಟೋಬರ್ 2025

ಪ್ರೀತಿಯ ಮಲ್ಲಿಕಾ,

ವಿಡಿಯೋ ಹೊರಗೆ ಹೋಗಲಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಿನ್ನ ಪತ್ರ ಬಂದ ವಾರ ಅತ್ತೆ ಭಜನೆಗೆ ಹೋಗಿದ್ದಾಗ ಮಾವ ನನ್ನನ್ನು ಕರೆದರು. ಆಸ್ಪತ್ರೆಯ ನಂತರ ಮೊದಲ ಸಲ. ಕುಳಿತುಕೋ ಎನ್ನಲಿಲ್ಲ. ಆ ಸೆಟ್ಟನ್ನು ಮೊದಲಿದ್ದ ಹಾಗೆಯೇ ಮಾಡಿ ತಾ ಎಂದರು. ನಾನು ಹೆದರಿಹೋದೆ. ಮಾವ, ಅದು ಸುಳ್ಳು ಎಂದೆ.

‘ಗೊತ್ತುಂಟು ನಂಗೆ. ನಂಗೆ ಬೇಡ ಅದು, ಅವಳಿಗೆ ಬೇಕು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಪುನಃ ಎದ್ದು ಕೂತ್ಕೊಳ್ತಾಳೆ, ನನ್ನ ಮೂಗಿನ ಹತ್ರ ಕೈ ಇಟ್ಟು ನೋಡ್ತಾಳೆ. ಅವಳು ಮಲಗ್ಲಿ.’

ಆಮೇಲೆ ಅವರೇ ಎಲ್ಲವನ್ನೂ ಗೊತ್ತು ಮಾಡಿದರು, ಹೋಟೆಲಿನ ಕೆಲಸ ಹಂಚುವವರ ಹಾಗೆ. ವಿಕಾಸನನ್ನು ಕರೆಸುವುದು. ಕಾವಲಿಯ ಎದುರು ತುಂಬಾ ಹೊತ್ತು ನಿಲ್ಲಲು ಬಲ ಬೇಕು, ಅದಕ್ಕೆ ಎಂದು ಅತ್ತೆಗೆ ಹೇಳುವುದು. ಸಾತ್ವಿಕನಿಗೆ ನಿಜ ಹೇಳುವುದು, ಹೇಳಬೇಕಾದವಳು ನಾನೇ. ದಸರಾದ ದೋಸೆಗೆ, ಹೊಸ ಕಾವಲಿ ಆರ್ಡರ್ ಕೊಟ್ಟಿದ್ದೇನೆ, ಅದು ಬಂದ ಮೇಲೆ ಎಂದು ಕಮಲಾಕ್ಷಣ್ಣನಿಗೆ ಅವರೇ ಫೋನ್ ಮಾಡಿದರು. ಕೊನೆಯಲ್ಲಿ ವಿಡಿಯೋ ಬಗ್ಗೆ ಹೇಳಿದರು. ‘ಮನೆಯ ಸುಳ್ಳು ಮನೇಲೇ ಇರ್ಲಿ. ಅದನ್ನು ಅಂಗಡೀಲಿಟ್ಟು ಮಾರ್ಬೇಡ.’

ರಂಜನ್ ಸರ್ ಕೋಪಿಸಿಕೊಳ್ಳಲಿಲ್ಲ. ಅದೇ ಕಷ್ಟವಾಯಿತು. ನೀನು ಬರೆದ ಸಾಲು ತೆಗೆದುಬಿಡೋಣ, ಬರೀ ಚಿತ್ರ ಇರಲಿ, ಅಜ್ಜ ಕೋಲು ಹಿಡಿದಿದ್ದಾರೆ, ಚೆಂಡು ಹೋಗಿದೆ, ಇದರಲ್ಲಿ ಸುಳ್ಳೆಲ್ಲಿದೆ ಎಂದರು. ನಾನು ಮಾರ್ಚಿನಲ್ಲಿ ನಿನಗೆ ಹೇಳಿದ ಮಾತನ್ನೇ ಅವರು ಇನ್ನೂ ಸಭ್ಯವಾಗಿ ನನಗೆ ಹೇಳುತ್ತಿದ್ದರು. ಕೊಡುವುದಿಲ್ಲ ಎಂದೆ. ದೀಪಾವಳಿ ಪ್ರಚಾರ ಬೇರೆಯವರಿಗೆ ಹೋಯಿತು. ಈಗ ನಾನು ಕಲ್ಯಾಣದ ಅಂಗಡಿಯಲ್ಲಿ ನಿಂತು ಡೆಮೋ ಕೊಡುತ್ತೇನೆ. ಮೊನ್ನೆ ಒಬ್ಬ ಹೆಂಗಸು ನಾಲ್ಕು ಚೆಂಡು ಹೊಡೆದು, ತನ್ನ ಅಮ್ಮನಿಗೆ ಬೇಕು ಎಂದರು. ಇದು ಅಂಗಡಿಯ ಸೆಟ್, ಮನೆಯಲ್ಲಿ ಇಷ್ಟು ಸುಲಭ ಇರುವುದಿಲ್ಲ ಎಂದೆ. ಅವರು ಕೋಲು ಕೆಳಗಿಟ್ಟು ಹೋದರು.

ಸಾತ್ವಿಕನಿಗೆ ಹೇಳಿದೆ. ಠಾಣೆಯಲ್ಲಿ ಟ್ರೇನು ಹತ್ತುವಾಗ ಹೇಳಿದೆ, ಡೊಂಬಿವಲಿಯವರೆಗೂ ಅವನು ಕಂಬಿ ಹಿಡಿದು ಹೊರಗೆ ನೋಡುತ್ತಿದ್ದ. ಇಳಿದ ಮೇಲೆ ಕೇಳಿದ್ದು ಒಂದೇ, ಅಪ್ಪ ಹೋದರು ಅಂತ ನಾನು ರಿಕ್ಷಾದಲ್ಲಿ ಅಳುತ್ತಿದ್ದಾಗ ನೀನು ನನ್ನ ಪಕ್ಕ ಕೂತಿದ್ದೆ ಅಲ್ವಾ ಎಂದು. ಕೂತಿದ್ದೆ. ಈಗಲೂ ಅವನು ಒಳ್ಳೆಯವನೇ. ಚಾರ್ಜರ್ ಎಲ್ಲಿ, ಹಾಲು ತರಬೇಕಾ ಎಂದು ಕೇಳುತ್ತಾನೆ. ಬರುವಾಗ ಕೈ ಖಾಲಿ ಇರುತ್ತದೆ. ನಾನು ಕೇಳುವುದಿಲ್ಲ.

ವಿಕಾಸ್ ಬರುತ್ತಾನೆ. ಮಾವ ಹಿಟ್ಟು ಹಿಚುಕುತ್ತಾರೆ, ಬೆವರುತ್ತಾರೆ, ಒಮ್ಮೊಮ್ಮೆ ಅವನಿಗೆ ತುಳುವಿನಲ್ಲಿ ಬೈಯುತ್ತಾರೆ. ಹೆಬ್ಬೆರಳು ಸ್ವಲ್ಪ ತೆರೆಯುತ್ತಿದೆ. ನಿಲ್ಲಿಸಿದ್ದರಿಂದ ಎಷ್ಟು ಹೋಯಿತು ಎಂದು ಅವನನ್ನು ಬಾಗಿಲಲ್ಲಿ ಕೇಳಿದೆ. ಹೇಳಲಾಗುವುದಿಲ್ಲ ಅತ್ತಿಗೆ ಎಂದ. ಅವನು ಹೇಳದೆ ಬಿಟ್ಟದ್ದನ್ನು ನಾನು ದಿನಾ ಬೇರೆ ಬೇರೆ ಅಳತೆಯಲ್ಲಿ ಯೋಚಿಸುತ್ತೇನೆ.

ಸಂಜೆ ಆಟ ನಡೆಯುತ್ತದೆ. ನಾನು ಪಟ್ಟಿ ಬಿಗಿಯುತ್ತೇನೆ, ಮಾವ ನನ್ನ ಮುಖ ನೋಡುವುದಿಲ್ಲ. ಸಿಕ್ಸರ್ ಹೋಗುತ್ತದೆ, ಅವರು ಅತ್ತೆಯ ಕಡೆ ತಿರುಗಿ ನಗುತ್ತಾರೆ. ಅಷ್ಟು ಚೆನ್ನಾಗಿ ನಗಲು ಅವರಿಗೆ ಹೇಗೆ ಬರುತ್ತದೆಯೋ.

ನಿನ್ನೆ ಅತ್ತೆ ನೆಲದ ಮೇಲೆ ಕೂತು ಪಲ್ಯಕ್ಕೆ ಬೀನ್ಸ್ ಮುರಿಯುತ್ತಿದ್ದರು. ಮಾವ ಮಾಮೂಲಿನಂತೆ ಸೋಫಾದಲ್ಲಿ. ನಾನು ಕೋಲನ್ನು ಚಾರ್ಜಿಗೆ ಹಾಕಲು ಮರೆತಿದ್ದೆ, ಅದು ಸತ್ತಿತ್ತು, ನಮ್ಮಿಬ್ಬರಿಗೂ ಗೊತ್ತಾಗಿರಲಿಲ್ಲ. ಚೆಂಡು ಬಂತು. ಮಾವ ತಮ್ಮಿಂದಾದಷ್ಟು ಅಲುಗಿಸಿದರು. ಪರದೆಯ ಹುಡುಗ ಬ್ಯಾಟನ್ನು ನೆಲಕ್ಕೂರಿ ನಿಂತೇ ಇದ್ದ, ಚೆಂಡು ಅವನ ಪಕ್ಕದಿಂದ ಹಿಂದೆ ಹೋಯಿತು. ಟಿ.ವಿ.ಯಲ್ಲಿ ಯಾವ ಜನವೂ ಕೂಗಲಿಲ್ಲ. ನಾನು ಮಾವನನ್ನು ನೋಡಿದೆ, ಮಾವ ನನ್ನನ್ನು ನೋಡಿದರು, ಆಸ್ಪತ್ರೆಯ ನಂತರ ಮೊದಲ ಬಾರಿ ನೇರವಾಗಿ.

ಅತ್ತೆ ತಲೆಯೆತ್ತಲಿಲ್ಲ. ಬೀನ್ಸಿನ ನಾರು ಎಳೆಯುತ್ತಾ, ‘ಹೋಯ್ತು ನೋಡಿ, ಸಿಕ್ಸರ್’ ಎಂದರು.

ನಿನ್ನ,
ಶ್ರೀಪ್ರಿಯಾ